ಸಲಾಲಾಕ್ಕೆ ಮಳೆ ನೋಡಲು ಬರ್ತೀರಾ?

ಓಮನ್‌ಗೆ ಬರಬೇಕು ಅಂತಿರುವ ಊರಿನವರು ಫೋನ್ ಮಾಡಿದರೆ ಮೊದಲು ಕೇಳುವುದು ಮರುಭೂಮಿ ಸಫಾರಿ, ಆಮೇಲೆ ಚಿನ್ನದ ರೇಟು. ನಾನು ಸಲಾಲಾ ನೋಡಿ ಅನ್ನುತ್ತೇನೆ. ಅಲ್ಲೇನಿದೆ ಅಂದರೆ ತೆಂಗು, ಬಾಳೆ, ಹಸಿರು ಗುಡ್ಡ, ಮಂಜು. "ಅದನ್ನು ನೋಡ್ಲಿಕ್ಕೆ ವಿಮಾನ ಹತ್ತಬೇಕಾ ಮಾರಾಯಾ, ಮನೆ ಹಿಂದೆ ಹೋದ್ರೆ ಸಾಕಲ್ವಾ" ಅಂತ ಕಾರವಾರದ ನಮ್ಮ ಭಾವ ನಕ್ಕುಬಿಟ್ಟರು. ನಗಲಿ. ಮಳೆಯೂರಿನವರು ನೋಡಲೇಬೇಕಾದ ಜಾಗ ಅದು.

ನಮಗೆ ಜೂನ್‌ನಲ್ಲಿ ಮಳೆ ತರುವ ನೈಋತ್ಯ ಮಾರುತವೇ ಅರಬ್ಬಿ ಸಮುದ್ರದ ಈ ಕಡೆ, ಓಮನ್‌ನ ದಕ್ಷಿಣದಲ್ಲಿ ಸಲಾಲಾ ಇರುವ ಧೋಫಾರ್ ಪ್ರಾಂತ್ಯವನ್ನೂ ಸವರಿಕೊಂಡು ಹೋಗುತ್ತದೆ. ಇಲ್ಲಿ ಗಾಳಿ ದಂಡೆಯ ಉದ್ದಕ್ಕೂ ಬೀಸಿ ಮೇಲಿನ ಬಿಸಿ ನೀರನ್ನು ಆಚೆ ತಳ್ಳುತ್ತದೆ. ತಳದ ತಣ್ಣೀರು ಮೇಲೆ ಬರುತ್ತದೆ. ಅದರ ಮೇಲೆ ಹಾದು ಬಂದ ಗಾಳಿ ಮಂಜಾಗಿ ಗುಡ್ಡಕ್ಕೆ ಮೆತ್ತಿಕೊಳ್ಳುತ್ತದೆ. ಮೇಲುಗಡೆ ಮರುಭೂಮಿಯ ಬಿಸಿಗಾಳಿ ಕೂತಿರುವುದರಿಂದ ಮೋಡ ಏರಲು ಜಾಗವೇ ಇಲ್ಲ. ಹಾಗಾಗಿ ಬರೀ ಜಿನುಗು. ಜೂನ್ 21ರಿಂದ ಸೆಪ್ಟೆಂಬರ್ 21ರವರೆಗಿನ ಈ ಕಾಲಕ್ಕೆ ಖರೀಫ್ ಅನ್ನುತ್ತಾರೆ. ಆಗ ಮಸ್ಕತ್‌ನಲ್ಲಿ 40 ಡಿಗ್ರಿ ದಾಟಿದ ಬಿಸಿಲಿದ್ದರೆ ಸಲಾಲಾದಲ್ಲಿ ಇಪ್ಪತ್ತರ ಮೇಲೆ ಸ್ವಲ್ಪ. ಆದರೆ ಅಲ್ಲಿ ವರ್ಷವಿಡೀ ಬೀಳುವುದು 100 ಮಿಲಿಮೀಟರ್ ಆಸುಪಾಸು. ಆಷಾಢದಲ್ಲಿ ನಮ್ಮ ಕಡೆ ಅಷ್ಟು ಒಂದೇ ದಿನಕ್ಕೆ ಬಿದ್ದುಹೋಗುತ್ತದೆ.

ಪಕ್ಕದ ಫ್ಲಾಟಿನ ಗೆಳೆಯ ಸಿರ್ಸಿಯವನು. ಅವನ ಆಯಿ, ಅಂದರೆ ಅಮ್ಮ, ಬಂದಿದ್ದಾಗ ಎಲ್ಲರೂ ಕೂಡಿ ಸಲಾಲಾಕ್ಕೆ ಹೋದೆವು. ವಾದಿ ದರ್ಬಾತ್ ಅನ್ನುವ ಕಣಿವೆಯಲ್ಲಿ ಕಾರು ಇಳಿದ ಆಯಿ ಕೊಡೆ ಬಿಚ್ಚಿದರು. ಅಂಗೈ ಚಾಚಿ ನೋಡಿದರು. "ಇದು ಮಳೆ ಅಲ್ಲ ತಮಾ, ಇಬ್ಬನಿ" ಅಂದು ಕೊಡೆ ಮಡಚಿ ಸೀಟಿಗೆ ಎಸೆದರು. ಅಂದಿನಿಂದ ನಮ್ಮ ಬಿಲ್ಡಿಂಗ್‌ನಲ್ಲಿ ಖರೀಫಿಗೆ ಆಯಿಯ ಇಬ್ಬನಿ ಅಂತಲೇ ಹೆಸರು.

ಆಯಿ ಸುಮಾರು ಹೊತ್ತು ನೋಡಿದ್ದು ಹಳ್ಳವನ್ನಲ್ಲ, ಜನರನ್ನು. ಸೌದಿ, ಎಮಿರೇಟ್ಸ್ ನಂಬರ್ ಪ್ಲೇಟಿನ ಕಾರುಗಳು ಸಾಲಾಗಿ ನಿಂತಿದ್ದವು. ಹುಲ್ಲಿನ ಮೇಲೆ ದೊಡ್ಡ ಜಮಖಾನ ಹಾಸಿಕೊಂಡು, ಇದ್ದಿಲ ಒಲೆ ಹೊತ್ತಿಸಿ, ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಬೇಕಂತಲೇ ನೆನೆಯುತ್ತ ಕೂತಿದ್ದರು. ಒಬ್ಬ ಹುಡುಗ ಚಪ್ಪಲಿ ತೆಗೆದು ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಊರಿ, ಬೆರಳ ಸಂದಿಯಿಂದ ಕೆಸರು ಮೇಲೆ ಬರುವುದನ್ನೇ ನೋಡುತ್ತಿದ್ದ. ಅವನ ಅಮ್ಮ ಬೈಯಲಿಲ್ಲ, ಫೋಟೋ ತೆಗೆದಳು. ನಾವು ಮಳೆ ಬಂದರೆ ಒಳಗೆ ಓಡುವವರು. ಇವರು ಮಳೆಗೋಸ್ಕರ ಸಾವಿರಾರು ಕಿಲೋಮೀಟರ್ ಓಡಿ ಬಂದಿರುತ್ತಾರೆ. ಪಕ್ಕದಲ್ಲೇ ಒಂಟೆಗಳು ಮಂಜಿನಲ್ಲಿ ಮೇಯುತ್ತಿದ್ದವು. ಒಂಟೆ ಅಂದರೆ ಮರಳು ಅಂದುಕೊಂಡವರಿಗೆ ಇದು ನಂಬುವುದೇ ಕಷ್ಟ.

ಅಲ್ಲೇ ಒಂದು ಓಮಾನಿ ಮನೆಯವರು ಕೈ ಬೀಸಿ ಕರೆದರು. ಇದು ಇಲ್ಲಿ ಮಾಮೂಲಿ, ಸಂಕೋಚ ಬೇಡ. ಮೊದಲು ಖರ್ಜೂರ, ಆಮೇಲೆ ಕಾವಾ, ಅಂದರೆ ಇಲ್ಲಿನ ಕಾಫಿ. ಹಿಡಿ ಇಲ್ಲದ ಪುಟ್ಟ ಬಟ್ಟಲಲ್ಲಿ ತಳ ಮುಚ್ಚುವಷ್ಟೇ ಹಾಕುತ್ತಾರೆ. ಏಲಕ್ಕಿ ಘಮ ಇರುತ್ತದೆ, ಸಕ್ಕರೆ ಇರುವುದಿಲ್ಲ. ಬಲಗೈಯಲ್ಲಿ ತೆಗೆದುಕೊಳ್ಳಬೇಕು. ಖಾಲಿ ಬಟ್ಟಲು ಚಾಚಿದರೆ ಮತ್ತೆ ತುಂಬುತ್ತಾರೆ. ಸಾಕು ಅನ್ನಲು ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಬೇಕು. ಕುಡಿದು ಮುಗಿಸಿದ ಆಯಿ ತಮ್ಮ ಕೈಚೀಲದಿಂದ ಬಾಳೆಕಾಯಿ ಚಿಪ್ಸ್ ತೆಗೆದು ಆ ಮನೆಯ ಯಜಮಾನಿತಿಯ ಮುಂದಿಟ್ಟರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದಿದ್ದರೂ ಅರ್ಧ ಗಂಟೆ ಮಾತಾಡಿದರು!

ಮಿಕ್ಕ ರೀತಿ ರಿವಾಜು ಕಷ್ಟವಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ. ಕೂತಾಗ ಅಂಗಾಲು ಯಾರ ಕಡೆಗೂ ತೋರಿಸಬೇಡಿ. ರಂಜಾನ್‌ನಲ್ಲಿ ಹಗಲು ಹೊತ್ತು ಎಲ್ಲರೆದುರು ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ವಾರದ ರಜೆ ಶುಕ್ರವಾರ, ಶನಿವಾರ. ಹಿಂದಿ ಬಂದರೆ ಅಂಗಡಿಗಳಲ್ಲಿ ಸಲೀಸು, ಮಲಯಾಳಂ ಬಂದರೆ ಇನ್ನೂ ಸಲೀಸು.

ಖರೀಫ್‌ನಲ್ಲಿ ಕಡಲಿಗೆ ಮಾತ್ರ ಇಳಿಯಬೇಡಿ. ನಮ್ಮಲ್ಲಿ ಜೂನ್, ಜುಲೈನಲ್ಲಿ ಟ್ರಾಲರ್ ಕಡಲಿಗಿಳಿಯದ ಹಾಗೆ ಇಲ್ಲೂ ಆಗ ಕಡಲು ಹುಚ್ಚೆದ್ದಿರುತ್ತದೆ. ಮುಗ್ಸೈಲ್ ಕಡಲತೀರದಲ್ಲಿ ಬಂಡೆಯ ತೂತುಗಳಿಂದ ನೀರು ಆಳೆತ್ತರ ಚಿಮ್ಮುವುದನ್ನು ನೋಡಲು ಜನ ಮುಗಿಬೀಳುತ್ತಾರೆ. ಬೇಲಿ ದಾಟಿ ಸೆಲ್ಫಿಗೆ ಹೋಗಿ ಅಲೆಗೆ ಸಿಕ್ಕಿದವರಿದ್ದಾರೆ. ನಮ್ಮವರಿಗೆ ಬೇಲಿಯ ಈಚೆ ನಿಲ್ಲುವ ಬುದ್ಧಿ ಗೋಕರ್ಣದಲ್ಲೂ ಇಲ್ಲ, ಇಲ್ಲೂ ಇಲ್ಲ.

ಧೋಫಾರ್ ದಂಡೆಯಲ್ಲಿ ನನಗೆ ಅತಿ ಹತ್ತಿರದ್ದು ಅನ್ನಿಸಿದ್ದು ಒಣಮೀನಿನ ವಾಸನೆ. ಹಿಡಿದ ತಾರ್ಲೆಯನ್ನು, ಅಂದರೆ ಬೂತಾಯಿ ಮೀನನ್ನು, ಮರಳಿನ ಮೇಲೆ ಹರಡಿ ಒಣಗಿಸುತ್ತಾರೆ. ನಮ್ಮಲ್ಲಿ ಹೆಚ್ಚಾದ ತಾರ್ಲೆ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತದೆ. ಇಲ್ಲಿ ಹುಲ್ಲು ಸಿಗದ ತಿಂಗಳುಗಳಲ್ಲಿ ಒಂಟೆಗೂ ದನಕ್ಕೂ ಅದೇ ಮೇವು. ದನ ಮೀನು ತಿನ್ನುತ್ತದೆ ಅಂದಾಗ ಆಯಿ ಎರಡು ನಿಮಿಷ ಮಾತೇ ಆಡಲಿಲ್ಲ.

ಧೂಪಕ್ಕೆ ಹಾಕುವ ಲೋಬಾನದಲ್ಲಿ ಒಳ್ಳೆಯದನ್ನು ಕೊಡುವ ಮರ ಈ ಮಂಜು ತಾಗುವ ಕಡೆಯದಲ್ಲ. ಗುಡ್ಡದ ಆಚೆ, ಒಣ ನೆಲದಲ್ಲಿ ಕುರುಚಲಾಗಿ ನಿಂತಿರುತ್ತದೆ. ತೊಗಟೆ ಕೆತ್ತಿದರೆ ಬಿಳಿ ಹಾಲು ಒಸರಿ ಗಟ್ಟಿಯಾಗುತ್ತದೆ. ಈ ನಾಡು, ಲೋಬಾನ ಸಾಗಿಸುತ್ತಿದ್ದ ಖೋರ್ ರೋರಿಯ ಹಳೇ ಬಂದರಿನ ಸಮೇತ, 2000ದಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕೊಳ್ಳುವವರು ಸಲಾಲಾದ ಹಾಫಾ ಪೇಟೆಯಲ್ಲಿ ಹೋಜರಿ ಅನ್ನುವ ಮೇಲ್ದರ್ಜೆಯ ಲೋಬಾನ ಕೇಳಿ. ತಿಳಿ ಹಸಿರು ಬಣ್ಣದ್ದು ದುಬಾರಿ. ಚೌಕಾಸಿ ಮಾಡಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಮಸ್ಕತ್‌ನಿಂದ ಸಲಾಲಾ ರಸ್ತೆಯಲ್ಲಿ ಸುಮಾರು 1000 ಕಿಲೋಮೀಟರ್. ಬಹುಪಾಲು ಬರೀ ಬಯಲು, ಕೊನೆಗೆ ಗುಡ್ಡ ಇಳಿಯುವಾಗ ದಟ್ಟ ಮಂಜು, ನಡುವೆ ಒಂಟೆ. ವಯಸ್ಸಾದವರಿದ್ದರೆ ವಿಮಾನವೇ ಸರಿ. ಆಗಸ್ಟ್‌ನಲ್ಲಿ ಹೋಟೆಲ್ ಬಾಡಿಗೆ ಸಿಕ್ಕಾಪಟ್ಟೆ, ಎಲ್ಲಿ ನೋಡಿದರೂ ಕಾರು. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆ ಒಳ್ಳೆಯದು. ಮಂಜು ಸರಿದಿರುತ್ತದೆ, ಹಸಿರು ಇನ್ನೂ ಒಣಗಿರುವುದಿಲ್ಲ, ಗುಂಪು ಕರಗಿರುತ್ತದೆ. ಮಳೆ ಹೇಗೂ ಊರಲ್ಲಿ ನೋಡಿಯೇ ಬಂದಿರುತ್ತೀರಿ. ಬರುವ ಮೊದಲು ಫೋನ್ ಮಾಡಿ, ಬ್ಯಾಗಿನಲ್ಲಿ ಜಾಗ ಇದ್ದರೆ ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕ್ಕೊಳ್ಳಿ.