ಬಾಕಿಯೋ, ರಾಜಕೀಯವೋ?

ನೈಜೀರಿಯಾದ ರಾಜಧಾನಿ ಅಬುಜಾದ ನೆಲಬಾಡಿಗೆ ಜಗಳದ ಬಗ್ಗೆ ಮತ್ತೆ ಓದುತ್ತಿದ್ದೆ. ಅಲ್ಲಿ ಜಮೀನೆಲ್ಲ ಸರ್ಕಾರದ್ದು. ಹಕ್ಕುಪತ್ರ ಪಡೆದವರು ವರ್ಷವರ್ಷ ನೆಲಬಾಡಿಗೆ ಕಟ್ಟಬೇಕು. ಹತ್ತು ವರ್ಷಕ್ಕೂ ಮೀರಿ ಬಾಕಿಯಿದ್ದ 4,794 ಹಕ್ಕುಪತ್ರಗಳನ್ನು 2025ರ ಮಾರ್ಚ್‌ನಲ್ಲಿ ರದ್ದು ಮಾಡಿದರು. ಇದೇ ಬಾಕಿಗಾಗಿ ಮೇ 26ರಂದು ವಿರೋಧ ಪಕ್ಷ ಪಿಡಿಪಿಯ (ಪೀಪಲ್ಸ್ ಡೆಮಾಕ್ರಟಿಕ್ ಪಾರ್ಟಿ) ಪ್ರಧಾನ ಕಚೇರಿಗೇ ಬೀಗ ಜಡಿದರು!

ಅಬುಜಾ ಆಡಳಿತದ ಹೊಣೆ ಹೊತ್ತಿದ್ದ ಸಚಿವ ನ್ಯೆಸಮ್ ವೀಕೆ ಆಗ ಅದೇ ಪಿಡಿಪಿಯವರು, ಮಂತ್ರಿಯಾಗಿದ್ದು ಮಾತ್ರ ಎದುರು ಪಕ್ಷದ ಸರ್ಕಾರದಲ್ಲಿ. ಪಕ್ಷದೊಳಗೆ ಕಿತ್ತಾಟ ಜೋರಾಗಿದ್ದ ಹೊತ್ತು. ಅನುಮಾನ ಬರದೆ ಇರುತ್ತದೆಯೇ? ಆದರೆ ಅದೇ ದಿನ ಸರ್ಕಾರದ್ದೇ ತೆರಿಗೆ ಇಲಾಖೆಯ ಕಚೇರಿಯೊಂದಕ್ಕೂ ಒಂದು ಬ್ಯಾಂಕ್ ಶಾಖೆಗೂ ಬೀಗ ಬಿತ್ತು. ಹಾಗಾಗಿ ಬರೀ ಸೇಡು ಅಂತ ಹೇಳಲಾರೆ. 1999ರಿಂದ 2015ರವರೆಗೆ ದೇಶ ಆಳಿದ ಪಕ್ಷ ನೆಲಬಾಡಿಗೆ ಬಾಕಿ ಉಳಿಸಿಕೊಂಡಿದ್ದೂ ಸರಿಯಲ್ಲ.

ನನಗೆ ಸಿಟ್ಟು ಬರುವುದು ನೆಲಬಾಡಿಗೆ ವಸೂಲಿ ಮಾಡಬೇಕಾದ ಇಲಾಖೆಯ ಮೇಲೆ. ಇಷ್ಟು ವರ್ಷ ಸುಮ್ಮನಿದ್ದು ಬಾಕಿ ಬೆಳೆಯಲು ಬಿಟ್ಟರೆ, ಮುಂದೆ ಬರುವ ಯಾವ ಮಂತ್ರಿಗಾದರೂ ತನಗೆ ಬೇಕಾದಾಗ ಎತ್ತಿಕೊಳ್ಳಲು ಕೈಯಳತೆಯಲ್ಲೇ ಒಂದು ಅಸ್ತ್ರ ಸಿಕ್ಕಂತೆ. ಕೊನೆಗೆ ದೇಶದ ಅಧ್ಯಕ್ಷ ಟಿನುಬು ಮಧ್ಯೆ ಬಂದು ಬಾಕಿ ಕಟ್ಟಲು 14 ದಿನ ಕಾಲಾವಕಾಶ ಕೊಟ್ಟರು. ಬೀಗ ಹಾಕುವುದು, ತೆಗೆಯುವುದು ಎರಡೂ ದೊಡ್ಡವರ ಮಾತಿನ ಮೇಲೇ ನಡೆದರೆ ಜನ ರಾಜಕೀಯ ಎನ್ನದೆ ಇನ್ನೇನು ಅಂದಾರು?