ಸೊಪ್ಪು ಬಿಡಿಸಲು ಹಾಸಿದ ಪೇಪರ್

ಕಳೆದ ಶನಿವಾರ ಅಡುಗೆಮನೆ ಟೇಬಲ್ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಲೆಸ್ಟರ್ ಊರಿನಲ್ಲಿದ್ದ ಗೆಳತಿ ಮನೆ ಖಾಲಿ ಮಾಡುವಾಗ ಒಂದಷ್ಟು ಗಾಜಿನ ಡಬ್ಬಿ ಕೊಟ್ಟಿದ್ದಳು. ಅವನ್ನು ಸುತ್ತಿದ್ದ ಪೇಪರ್ ಅದು. ಎಸೆಯಲು ಮನಸ್ಸಾಗದೆ ಮಡಚಿ ಇಟ್ಟಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯವರು ನಮ್ಮ ಏಣಿ ವಾಪಸ್ ಕೊಡಲು ಬಂದರು. ಮಾತಾಡುತ್ತಲೇ ಒಳಗೆ ಬಂದವರು ಟೇಬಲ್ ನೋಡಿ ಸುಮ್ಮನಾದರು. ಸೊಪ್ಪಿನ ಕಡ್ಡಿಗಳ ನಡುವೆ ಕೆಂಪು ಚೌಕ, ಅದರಲ್ಲಿ ಬಿಳಿ ಅಕ್ಷರ: ‘ದಿ ಸನ್’.

ಕೋಪ ಮಾಡಿಕೊಳ್ಳಲಿಲ್ಲ. “ನಿಮಗೆ ಗೊತ್ತಿರಲಿಕ್ಕಿಲ್ಲ, ಬಿಡಿ. ಈ ಪೇಪರನ್ನು ನಮ್ಮ ಬೀದಿಯಲ್ಲಿ ಯಾರೂ ಮನೆಯೊಳಗೆ ತರಲ್ಲ” ಅಂದರು. ತಮ್ಮ ಮನೆಗೆ ಹೋಗಿ ಬೇರೆ ಪೇಪರ್ ತಂದುಕೊಟ್ಟರು. ಸೊಪ್ಪನ್ನೆಲ್ಲ ಅದರ ಮೇಲೆ ಸುರಿದುಕೊಂಡೆ. ಹತ್ತು ವರ್ಷದ ಮಗಳು ಪಕ್ಕದಲ್ಲೇ ಕೂತು ಎಲ್ಲ ನೋಡುತ್ತಿದ್ದಳು.

ಲಿವರ್‌ಪೂಲ್‌ಗೆ ಬಂದು ಎರಡು ವರ್ಷವಾಯಿತು. ಈ ಪೇಪರ್ ಕೊಳ್ಳಬೇಡಿ ಅನ್ನುವ ಸ್ಟಿಕರ್‌ಗಳನ್ನು ಟ್ಯಾಕ್ಸಿಗಳ ಮೇಲೆ ನೋಡಿದ್ದೆ. ಹಿಲ್ಸ್‌ಬರೋ ಹೆಸರೂ ಕೇಳಿದ್ದೆ. ಆದರೆ ಅಲ್ಲಿ ಇದ್ದವರೇ ನಿಮ್ಮೆದುರು ಕೂತು ಚಹಾ ಕುಡಿಯುತ್ತಾ ಹೇಳುವುದು ಬೇರೆ.

1989ರ ಏಪ್ರಿಲ್ 15. ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನ. ಲಿವರ್‌ಪೂಲ್‌ಗೂ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೂ ಎಫ್‌ಎ ಕಪ್ ಫುಟ್‌ಬಾಲ್ ಸೆಮಿಫೈನಲ್. ಆಗ ಜನ ನಿಂತು ನೋಡುವ ಜಾಗಕ್ಕೆ ಸುತ್ತ ಕಬ್ಬಿಣದ ಬೇಲಿ, ನಮ್ಮೂರಿನ ದನದ ದೊಡ್ಡಿ ಥರ. ಹೊರಗೆ ನೂಕುನುಗ್ಗಲು ಜಾಸ್ತಿಯಾದಾಗ ಪೊಲೀಸರು ಒಂದು ದೊಡ್ಡ ಗೇಟ್ ತೆಗೆಸಿದರು. ಮಧ್ಯದ ದೊಡ್ಡಿಗಳು ಆಗಲೇ ತುಂಬಿದ್ದವು. ಆದರೆ ಅಲ್ಲಿಗೆ ಹೋಗುವ ದಾರಿಯನ್ನು ಮುಚ್ಚಲಿಲ್ಲ. ಆಟ ಶುರುವಾದ ಆರು ನಿಮಿಷಕ್ಕೆ ನಿಲ್ಲಿಸಬೇಕಾಯಿತು. ಆ ನೂಕಾಟದಲ್ಲಿ ಸಿಕ್ಕಿ ಒಟ್ಟು 97 ಜನ ಸತ್ತರು. ಕೊನೆಯವರು ಅದೇ ಗಾಯಗಳ ಜೊತೆ 32 ವರ್ಷ ಬದುಕಿ 2021ರಲ್ಲಿ ತೀರಿಕೊಂಡರು.

ನಮ್ಮ ನೆರೆಯವರಿಗೆ ಆಗ 19 ವರ್ಷ. ಯಾರೋ ಮೇಲಿನಿಂದ ಕೈಹಿಡಿದು ಎಳೆದುಕೊಂಡರಂತೆ, ಉಳಿದರು. ಸ್ಟ್ರೆಚರ್ ಸಾಲದೆ ಮೈದಾನದ ಜಾಹೀರಾತು ಹಲಗೆಗಳನ್ನು ಕಿತ್ತು, ಅವುಗಳ ಮೇಲೆ ಜನರನ್ನು ಹೊತ್ತುಕೊಂಡು ಓಡಿದವರಲ್ಲಿ ಇವರೂ ಒಬ್ಬರು. “ಒಂದು ಮೂಲೆ ನಾನು ಹಿಡಿದಿದ್ದೆ. ಹುಡುಗನ ಶೂ ನನ್ನ ಮಣಿಕಟ್ಟಿಗೆ ತಾಗುತ್ತಿತ್ತು” ಅಂದರು. ಹೇಳುವಾಗ ಇನ್ನೊಂದು ಕೈಯಿಂದ ಆ ಮಣಿಕಟ್ಟನ್ನೇ ಹಿಡಿದುಕೊಂಡಿದ್ದರು.

ನಾಲ್ಕು ದಿನದ ಮೇಲೆ, ಏಪ್ರಿಲ್ 19ರಂದು, ‘ದಿ ಸನ್’ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ‘ಸತ್ಯ’ ಎಂಬ ಶೀರ್ಷಿಕೆ ಬಂತು. ಲಿವರ್‌ಪೂಲ್ ಅಭಿಮಾನಿಗಳು ಸತ್ತವರ ಜೇಬಿಗೆ ಕೈಹಾಕಿದರು, ಪೊಲೀಸರ ಮೇಲೆ ಮೂತ್ರ ಮಾಡಿದರು, ಗಾಯಾಳುವಿನ ಬಾಯಿಗೆ ಉಸಿರು ತುಂಬುತ್ತಿದ್ದ ಪೊಲೀಸನನ್ನು ಹೊಡೆದರು ಅಂತ. ಪೊಲೀಸರು ಮತ್ತು ಒಬ್ಬ ಸಂಸದರು ಶೆಫೀಲ್ಡ್‌ನ ಸುದ್ದಿ ಸಂಸ್ಥೆಯೊಂದಕ್ಕೆ ಹೇಳಿದ ಮಾತು ಅದು. ಬೇರೆ ಪೇಪರುಗಳಲ್ಲೂ ಬಂದಿತ್ತು, ಆದರೆ ಆರೋಪ ಅಂತ ಬಂದಿತ್ತು. ‘ದಿ ಸನ್’ ಅದನ್ನೇ ಸತ್ಯ ಅಂದಿತು. ನನ್ನ ಲೆಕ್ಕದಲ್ಲಿ ಪಾಪವೆಲ್ಲ ಆ ಒಂದು ಪದದಲ್ಲಿದೆ.

“ಅವತ್ತು ಅಮ್ಮ ಅಂಗಡಿಯಿಂದ ಬಂದು ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. ನೀವು ಹುಡುಗರು ಹೀಗೆ ಮಾಡಿದಿರಾ ಅಂತ ಕೇಳಿದಳು” ಅಂದರು ನೆರೆಯವರು. “ಹೆತ್ತ ತಾಯಿ ಕೇಳುವ ಹಾಗಾಯಿತು.”

ಅದೇ ವರ್ಷ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಟೇಲರ್ ಅವರ ವರದಿ ಬಂತು. ಪೊಲೀಸರು ಜನರನ್ನು ನಿಭಾಯಿಸಲು ಸೋತದ್ದೇ ಮುಖ್ಯ ಕಾರಣ ಅಂತ ಅದರಲ್ಲಿತ್ತು. ಆದರೂ ಹಬ್ಬಿದ ಸುಳ್ಳು ಹೋಗಲಿಲ್ಲ. 2012ರಲ್ಲಿ ಸ್ವತಂತ್ರ ಸಮಿತಿ ಹಳೇ ಕಾಗದಗಳನ್ನೆಲ್ಲ ಹೊರಗೆ ತೆಗೆದಾಗ, ಪೊಲೀಸರ ಹೇಳಿಕೆಗಳನ್ನೇ ತಿದ್ದಿದ್ದು ಗೊತ್ತಾಯಿತು. ಪ್ರಧಾನಿ ಡೇವಿಡ್ ಕ್ಯಾಮರಾನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆ ಮುಖಪುಟ ಮಾಡಿದ ಸಂಪಾದಕ ಕೆಲ್ವಿನ್ ಮೆಕೆಂಜಿಯೂ ಕೇಳಿದರು, 23 ವರ್ಷದ ಮೇಲೆ. 2016ರಲ್ಲಿ ಜ್ಯೂರಿ ತೀರ್ಪು ಕೊಟ್ಟಿತು: ಇವು ಕಾನೂನುಬಾಹಿರ ಸಾವುಗಳು, ಅಭಿಮಾನಿಗಳದ್ದು ಏನೂ ತಪ್ಪಿಲ್ಲ. ಮಾರನೇ ವರ್ಷ ಲಿವರ್‌ಪೂಲ್ ಕ್ಲಬ್ ಆ ಪೇಪರಿನ ವರದಿಗಾರರಿಗೆ ತನ್ನ ಬಾಗಿಲು ಮುಚ್ಚಿತು. ಅದೇ ಊರಿನ ಎದುರಾಳಿ ಕ್ಲಬ್ ಎವರ್ಟನ್ ಕೂಡ ಮುಚ್ಚಿತು.

ನೆರೆಯವರು ಹೋದ ಮೇಲೆ ಮಗಳು ಕೇಳಿದಳು. “ಅಮ್ಮಾ, ನಮ್ಮ ಬೆಂಗಳೂರಲ್ಲಿ ಯಾವ ಪೇಪರ್ ತಗೋಬಾರದು?”

ಅವಳಿಗೆ ಇದು ಊರೂರಿಗೂ ಇರುವ ನಿಯಮ ಅನ್ನಿಸಿತ್ತು. ನನಗೆ ಉತ್ತರ ಹೊಳೆಯಲಿಲ್ಲ.

2025ರ ಮೇ 26ಕ್ಕೆ ಇಲ್ಲಿ ಲಿವರ್‌ಪೂಲ್ ತಂಡದ ವಿಜಯ ಮೆರವಣಿಗೆ. ವಾಟರ್ ಸ್ಟ್ರೀಟ್‌ನಲ್ಲಿ ಒಂದು ಕಾರು ಜನರ ಮೇಲೆ ನುಗ್ಗಿ ನೂರಕ್ಕೂ ಹೆಚ್ಚು ಮಂದಿಗೆ ಗಾಯವಾಯಿತು. ಅವತ್ತು ರಾತ್ರಿ ನಮ್ಮ ಬೀದಿಯವರು ಟಿವಿಗಿಂತ ಜಾಸ್ತಿ ನಂಬಿದ್ದು ಅಲ್ಲಿಂದ ನಡೆದು ಬಂದವರ ಮಾತನ್ನು. ಅದಾಗಿ ಒಂಬತ್ತು ದಿನಕ್ಕೆ, ಜೂನ್ 4ರಂದು, ಚಿನ್ನಸ್ವಾಮಿ. 18ನೇ ಸೀಸನ್‌ಗೆ ಆರ್‌ಸಿಬಿ ಕಪ್ ಗೆದ್ದ ಮಾರನೇ ದಿನ. ಗೇಟಿನ ಹೊರಗೆ 11 ಜನ ಸತ್ತರು.

ನಾನು ಇಲ್ಲಿ ಫೋನಿನಲ್ಲಿ ನಮ್ಮ ಚಾನೆಲ್‌ಗಳನ್ನು ಹಾಕಿಕೊಂಡು ಕೂತಿದ್ದೆ. ರಸ್ತೆ ತುಂಬ ಬಿದ್ದಿದ್ದ ಚಪ್ಪಲಿಗಳನ್ನೇ ತೋರಿಸುತ್ತಿದ್ದರು. ಆಸ್ಪತ್ರೆ ಬಾಗಿಲಲ್ಲಿ ಅಳುತ್ತಿದ್ದವರ ಬಾಯಿಗೆ ಮೈಕ್ ಹಿಡಿದಿದ್ದರು. ಅದೇ ದಿನ ಮೆರವಣಿಗೆ ಇದೆ ಅಂದರು, ಇಲ್ಲ ಅಂದರು, ಮತ್ತೆ ಇದೆ ಅಂದರು. ಯಾವುದು ಖರೆ ಅಂತ ವಿಚಾರಿಸಿ ಹೇಳುವುದು ಯಾರ ಕೆಲಸ? ರಾತ್ರಿ ಹೊತ್ತಿಗೆ ನಮ್ಮ ಮನೆ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಮಾತು: ಈ ಹುಡುಗರಿಗೆ ಬುದ್ಧಿ ಬೇಡವಾ, ಅಷ್ಟು ಜನರಲ್ಲಿ ಯಾಕೆ ಹೋಗಬೇಕಿತ್ತು? 35,000 ಹಿಡಿಯುವ ಜಾಗಕ್ಕೆ ಎರಡು ಮೂರು ಲಕ್ಷ ಬಂದರು ಅಂತ ಮುಖ್ಯಮಂತ್ರಿಗಳೂ ಹೇಳಿದ್ದರು. ಬಂದವರದ್ದೇ ತಪ್ಪು ಅನ್ನುವ ಹಾಗೆ ನಮ್ಮ ಕಿವಿಗೆ ಅದು ಕೇಳಿಸಿತು. ಯಾವ ಗೇಟ್ ಯಾವಾಗ ತೆಗೆದರು, ಯಾರು ತೆಗೆಸಿದರು ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ.

ನನ್ನ ಅಣ್ಣನ ಮಗ ಅವತ್ತು ಅಲ್ಲಿಗೆ ಹೋಗಿದ್ದ. ಅವನಿಗೂ 19. ಫೋನ್ ಮಾಡಿ ನಾನು ಮೊದಲು ಕೇಳಿದ್ದು, “ಯಾಕೋ ಹೋಗಿದ್ದೆ? ನೀವು ಹುಡುಗರು ಏನು ಮಾಡಿಕೊಂಡ್ರಿ ಅಲ್ಲಿ?” ಅಂತ. “ಕಪ್ ಗೆದ್ದಿದ್ರು ಅತ್ತೆ” ಅಂದು ಫೋನನ್ನು ಅವನ ಅಮ್ಮನಿಗೆ ಕೊಟ್ಟುಬಿಟ್ಟ. ಎಷ್ಟು ಉದ್ಧಟ ಅಂದುಕೊಂಡಿದ್ದೆ. ನೆರೆಯವರ ಅಮ್ಮ ಬಾಗಿಲಲ್ಲಿ ನಿಂತು ಕೇಳಿದ್ದೂ ಇದನ್ನೇ ಅಲ್ವಾ?

ಭಾನುವಾರ ಅವನಿಗೆ ಫೋನ್ ಮಾಡಿದೆ. ಅವತ್ತು ನಿನ್ನನ್ನು ಹಾಗೆ ಕೇಳಬಾರದಿತ್ತು ಕಣೋ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಗೇಟಿನ ಹತ್ತಿರ ಒಬ್ಬ ಅಂಕಲ್ ಶರ್ಟ್ ಕಾಲರ್ ಹಿಡಿದು ತನ್ನನ್ನು ಪಕ್ಕಕ್ಕೆ ಎಳೆದದ್ದು, ತಾನೂ ಗೆಳೆಯನೂ ಒಬ್ಬಳು ಹುಡುಗಿಯನ್ನು ಎತ್ತಿಕೊಂಡು ರಸ್ತೆ ದಾಟಿಸಿದ್ದು, ಆಟೋದವರು ದುಡ್ಡು ತಗೊಳ್ಳದೆ ಆಸ್ಪತ್ರೆಗೆ ಕರೆದೊಯ್ದದ್ದು ಹೇಳಿದ. ಆ ಹುಡುಗಿ ಉಳಿದಳೋ ಇಲ್ಲವೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಮಾರನೇ ದಿನ ಟಿವಿಯಲ್ಲಿ ಮುಖಗಳನ್ನು ತೋರಿಸುವಾಗ ಅವನು ಎದ್ದು ಹೋಗಿದ್ದನಂತೆ.