ಕಸೇಷಿಯಸ್ ನಾಣ್ಯಗಳ ಅಸಲಿಯತ್ತು: ತಪಾಸಣೆಯ ಮೂರನೇ ಸುತ್ತು

ಕಸೇಷಿಯಸ್ ಎಂಬ, ಬಿಟ್‌ಕಾಯಿನ್ ತುಂಬಿದ ಲೋಹದ ನಾಣ್ಯಗಳು ಅಸಲಿಯೇ ಎಂದು ನೋಡುವ ಕ್ರಮ ಈ ಸುತ್ತಿನಲ್ಲಿ ಬದಲಾಯಿತು: ಮೊದಲು ಬ್ಲಾಕ್‌ಚೈನ್ (ಬಿಟ್‌ಕಾಯಿನ್ ವಹಿವಾಟುಗಳ ಬಹಿರಂಗ ದಾಖಲೆ), ಆಮೇಲೆ ಹಾಲೋಗ್ರಾಂ (ನಾಣ್ಯಕ್ಕೆ ಅಂಟಿಸಿದ ಹೊಳೆಯುವ ಮೊಹರು), ಕೊನೆಗೆ ಲೋಹ. ಮೊದಲ ಕೆಲಸಕ್ಕೆ ಸ್ಪಷ್ಟವಾದ ಒಂದು ಫೋಟೊ ಸಾಕು, ನಾಣ್ಯ ಕೈಗೆ ಬರಬೇಕಿಲ್ಲ.

ಅಮೆರಿಕದ ಯೂಟಾದ ಮೈಕ್ ಕಾಲ್ಡ್‌ವೆಲ್ 2011ರಿಂದ 2013ರವರೆಗೆ ಬಿಟ್‌ಕಾಯಿನ್ ತುಂಬಿ ಮಾರಿದ ನಾಣ್ಯಗಳಿವು. ಹಾಲೋಗ್ರಾಮಿನ ಕಿಂಡಿಯಲ್ಲಿ ಬಿಟ್‌ಕಾಯಿನ್ ವಿಳಾಸದ (ಖಾತೆ ಸಂಖ್ಯೆಯಂಥದ್ದು) ಮೊದಲ ಎಂಟು ಅಕ್ಷರ ಕಾಣುತ್ತವೆ. ಅದರಡಿಯ ಚೀಟಿಯಲ್ಲಿ ಪ್ರೈವೇಟ್ ಕೀ, ಅಂದರೆ ಆ ಬಿಟ್‌ಕಾಯಿನ್ ಖರ್ಚು ಮಾಡಲು ಬೇಕಾದ ಗುಟ್ಟಿನ ಸಂಕೇತ, ಇರುತ್ತದೆ.

ಎಂಟು ಅಕ್ಷರಗಳಿಂದ ಪೂರ್ತಿ ವಿಳಾಸ ಹುಡುಕಿ, ತಯಾರಕರೇ ಪ್ರಕಟಿಸಿದ ಪಟ್ಟಿಯ ಜೊತೆ ಹೋಲಿಸಿ. ಹಣ ಬಿದ್ದ ತಾರೀಖು ನಾಣ್ಯದ ಮೇಲಿನ ಇಸವಿಗೆ ಹೊಂದುತ್ತದೆಯೇ ನೋಡಿ. ಆದರೆ ಹಣ ಹಾಗೇ ಇದೆ ಅಂದಮಾತ್ರಕ್ಕೆ ನಂಬಬೇಡಿ. ಅಸಲಿ ನಾಣ್ಯದ ಫೋಟೊ ನೋಡಿ ಅದೇ ಎಂಟು ಅಕ್ಷರಗಳನ್ನು ನಕಲಿಯ ಮೇಲೆ ಯಾರು ಬೇಕಾದರೂ ಮುದ್ರಿಸಬಹುದು.

ಈ ಸಲ ಸೇರಿಸಿದ ಹೊಸ ಪರೀಕ್ಷೆ ತುಂಬ ಉಪಯುಕ್ತ. 2017ರ ಆಗಸ್ಟ್ 1ರಂದು ಬಿಟ್‌ಕಾಯಿನ್‌ನಿಂದ ಬಿಟ್‌ಕಾಯಿನ್ ಕ್ಯಾಶ್ ಎಂಬ ಬೇರೆ ನಾಣ್ಯವ್ಯವಸ್ಥೆ ಕವಲೊಡೆದಾಗ, ಬಿಟ್‌ಕಾಯಿನ್ ತುಂಬಿದ್ದ ವಿಳಾಸಗಳಿಗೆಲ್ಲ ಅಷ್ಟೇ ಸಂಖ್ಯೆಯ ಬಿಟ್‌ಕಾಯಿನ್ ಕ್ಯಾಶ್ ಬಂತು. ಅದೇ ವಿಳಾಸವನ್ನು ಕ್ಯಾಶ್‌ನ ಬ್ಲಾಕ್‌ಚೈನ್‌ನಲ್ಲೂ ನೋಡಿ. ಬಿಟ್‌ಕಾಯಿನ್ ಅಲ್ಲಾಡದೆ ಕ್ಯಾಶ್ ಮಾತ್ರ ಖರ್ಚಾಗಿದ್ದರೆ, ಕೀ ಯಾರದೋ ಕೈಸೇರಿದೆ. ಅಂಥ ನಾಣ್ಯ ಕೊಳ್ಳಲೇಬೇಡಿ.

ಹಾಲೋಗ್ರಾಂ ನೋಡಲು ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ), ಓರೆಯಾಗಿ ಬೀಳುವ ಬೆಳಕು ಬೇಕು. ಕಿತ್ತರೆ ಜೇನುಗೂಡಿನಂಥ ಗುರುತು ಉಳಿಯುತ್ತದೆ. ಸೂಜಿಯಿಂದ ಸಾಲ್ವೆಂಟ್ (ಅಂಟು ಕರಗಿಸುವ ದ್ರವ) ತೂರಿಸಿ ಗುರುತು ಮೂಡದಂತೆ ಎಬ್ಬಿಸಲು ಪ್ರಯತ್ನಿಸುವವರಿದ್ದಾರೆ; ಅದಕ್ಕೇ ಅಂಚಿನಲ್ಲಿ ಹರಡಿದ ಅಂಟು, ಮಬ್ಬು, ಸಣ್ಣ ಗುಳ್ಳೆಗಳನ್ನು ಸುತ್ತಲೂ ಹುಡುಕಬೇಕು. 2011ರ ಮೊದಲ ಸರಣಿಯ ಹಾಲೋಗ್ರಾಮಿನಲ್ಲಿ ಹೆಸರಿನ ಎರಡನೇ ಎಸ್ ಬಿಟ್ಟುಹೋಗಿದೆ. ಅದು ಆ ಸರಣಿಯ ಲಕ್ಷಣ, ನಕಲಿಯ ಸುಳಿವಲ್ಲ. ಆ ಸರಣಿಯದೆಂದು ಮಾರುತ್ತಿರುವ ನಾಣ್ಯದಲ್ಲಿ ಕಾಗುಣಿತ ಸರಿಯಿದ್ದರೆ ಅನುಮಾನಪಡಿ.

ಲೋಹಕ್ಕೆ ಬಂದರೆ, ಹಿತ್ತಾಳೆಯಾಗಲಿ ಬೆಳ್ಳಿಯಾಗಲಿ ಅಯಸ್ಕಾಂತಕ್ಕೆ ಅಂಟಬಾರದು. 10 ಬಿಟ್‌ಕಾಯಿನ್‌ನ ನಾಣ್ಯ ಒಂದು ಟ್ರಾಯ್ ಔನ್ಸ್ ಬೆಳ್ಳಿ, ಅಂದರೆ 31.1 ಗ್ರಾಂ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಹಾಲೋಗ್ರಾಂ, ಚೀಟಿಗಳ ತೂಕ ಸೇರಿ ಸ್ವಲ್ಪ ಹೆಚ್ಚು ಕಾಣಬಹುದು. ನೀರಲ್ಲಿ ಮುಳುಗಿಸಿ ಸಾಂದ್ರತೆ ಅಳೆಯುವ ಕ್ರಮವನ್ನು ಪಟ್ಟಿಯಿಂದ ತೆಗೆದಿದೆ. ಅಂಟಿನಡಿ ನೀರು ಹೊಕ್ಕರೆ ಹಾಲೋಗ್ರಾಂ ಹಾಳಾಗುತ್ತದೆ. ಬದಲಿಗೆ ನಾಣ್ಯವನ್ನು ಓರೆಯಾಗಿ ಹಿಡಿದು, ಹಾಲೋಗ್ರಾಂ ಇಲ್ಲದ ಮುಖದ ಮೇಲೆ ನಿಯೋಡಿಮಿಯಂ ಅಯಸ್ಕಾಂತ ಜಾರಿಬಿಡಿ. ಬೆಳ್ಳಿಯ ಮೇಲೆ ಅದು ನಿಧಾನವಾಗಿ ಇಳಿಯುತ್ತದೆ.

ಕೀ ಸರಿಯಿದೆಯೇ ಎಂದು ಲೆಕ್ಕ ಹಾಕಿ ನೋಡಬಹುದು: ಮಿನಿಕೀ (ಚೀಟಿಯಲ್ಲಿ ಬರೆದ ಕೀಯ ಚಿಕ್ಕ ರೂಪ) ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಸೇರಿಸಿ ಎಸ್‌ಎಚ್‌ಎ-256 ಎಂಬ ಗಣಿತಸೂತ್ರ ಹಾಕಿದರೆ ಮೊದಲ ಬೈಟ್ ಸೊನ್ನೆ ಬರಬೇಕು. ಅದಕ್ಕೆ ಹಾಲೋಗ್ರಾಂ ಕೀಳಲೇಬೇಕಾದ್ದರಿಂದ ಸಂಗ್ರಾಹಕರಿಗೆ ಈ ದಾರಿ ಮುಚ್ಚಿದೆ.